ಕಾಲು ಮುರಿದು ಮಲಗಿರುವ ತಮ್ಮನಿಗೆ ಸಾಹಸ ಪ್ರವಾಸದ ಪುಸ್ತಕ ಬೇಕು: ಹಳೇದು ಕೊಡಲಾ, ಹೊಸದು ಕೊಡಲಾ?

ಸುಮಾ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ. ಬೈಕಿನಿಂದ ಬಿದ್ದು ಬಲಗಾಲಿನ ಮೂಳೆ ಮುರಿದಿದೆ, ಒಳಗೆ ರಾಡ್ ಹಾಕಿದ್ದಾರೆ. ಇನ್ನೆರಡು ತಿಂಗಳು ಕಾಲು ಊರುವ ಹಾಗಿಲ್ಲ ಅಂದಿದ್ದಾರೆ ಡಾಕ್ಟರು. ಹಗಲೆಲ್ಲ ಮೊಬೈಲಿನಲ್ಲಿ ಲಡಾಖ್ ಬೈಕ್ ಟ್ರಿಪ್ಪಿನ ವಿಡಿಯೋ ನೋಡ್ತಾನೆ. ಈಗ ಅದೂ ಬೇಜಾರಾಗಿದೆ. ಮೊನ್ನೆ ಅವನೇ ಕೇಳಿದ, "ಅಕ್ಕಾ, ಇಂಥದ್ದೇ ಯಾವುದಾದ್ರೂ ಪುಸ್ತಕ ಇದ್ರೆ ತಂದುಕೊಡು" ಅಂತ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವನು ಬಾಯಿಬಿಟ್ಟು ಪುಸ್ತಕ ಕೇಳಿದ್ದು ಇದೇ ಮೊದಲು. ಈ ಅವಕಾಶ ಕೈತಪ್ಪಬಾರದು ನನಗೆ.

ಬೆಂಗಳೂರಲ್ಲಿರುವ ನಮ್ಮ ದೊಡ್ಡಪ್ಪನ ಮಗ ಹೇಳೋದು, ಕೊಡೋದಾದ್ರೆ ಕ್ಲಾಸಿಕ್ಸೇ ಕೊಡು, ದಕ್ಷಿಣ ಧ್ರುವಕ್ಕೆ ಹೋದವರದ್ದು, ಹಡಗು ಒಡೆದವರದ್ದು ಅಂತ. ನಮ್ಮ ಆಫೀಸಿನಲ್ಲಿ ಓದುವ ಹುಚ್ಚಿರುವ ಹುಡುಗಿಯೊಬ್ಬಳಿದ್ದಾಳೆ. ಅವಳ ಪ್ರಕಾರ ನೂರು ವರ್ಷದ ಹಿಂದಿನ ಇಂಗ್ಲಿಷ್ ಕೊಟ್ಟರೆ ಹತ್ತು ಪುಟಕ್ಕೆ ನಿದ್ದೆ ಗ್ಯಾರಂಟಿ, ಈಗಿನವರು ಬರೆದದ್ದನ್ನೇ ಕೊಡಿ.

ಅವನು ಕನ್ನಡ ಸರಾಗವಾಗಿ ಓದ್ತಾನೆ. ಇಂಗ್ಲಿಷ್ ನಿಧಾನ, ಆದ್ರೆ ಅರ್ಥ ಮಾಡ್ಕೋತಾನೆ. ಮಲಗಿಕೊಂಡೇ ಓದಬೇಕು, ಹಾಗಾಗಿ ಇಟ್ಟಿಗೆ ಗಾತ್ರದ ಪುಸ್ತಕ ಎತ್ತಿ ಹಿಡಿಯೋಕೆ ಆಗಲ್ಲ. ನನ್ನ ಬಜೆಟ್ 1500 ರೂಪಾಯಿ. ಮೊದಲು ಯಾವುದು ಕೊಡಲಿ?

ಗೇರ್_ಗಣಪ

ಮೊದಲು ತಮ್ಮನಿಗೆ ಬೇಗ ಹುಷಾರಾಗಲಿ. ನನ್ನ ಕಾಲಲ್ಲೂ ರಾಡ್ ಇದೆ, ಆ ಬೇಜಾರು ನನಗೆ ಗೊತ್ತು.

ಹೊಸದು ಕೊಡಿ. ಹಳೇ ಪುಸ್ತಕಗಳಲ್ಲಿ ಹಡಗಿಗೆ ಸಾಮಾನು ತುಂಬಿಸೋದಕ್ಕೇ ಐವತ್ತು ಪುಟ ಹೋಗುತ್ತೆ. ಯಾವ ಲಾರ್ಡು ಎಷ್ಟು ಪೌಂಡ್ ಕೊಟ್ಟ, ಯಾವ ಅಂಗಡಿಯವರು ಜಾಮ್ ಕೊಟ್ಟರು ಅಂತ. ಜಾನ್ ಕ್ರಾಕೌರ್ ಬರೆದ 'ಇನ್‌ಟು ಥಿನ್ ಏರ್' ಕೊಟ್ಟು ನೋಡಿ. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಮೇಲೆ ಬಿರುಗಾಳಿ ಎದ್ದು ಎಂಟು ಜನ ಸತ್ತರಲ್ಲ, ಆಗ ಈ ಮನುಷ್ಯ ಪತ್ರಿಕೆಯ ವರದಿಗಾರನಾಗಿ ಅಲ್ಲೇ ಇದ್ದ. ಮುಂದಿನ ವರ್ಷವೇ ಪುಸ್ತಕ ಬಂತು. ಇಂಗ್ಲಿಷ್ ನೇರವಾಗಿದೆ, ಪತ್ರಿಕೆಯವರ ಇಂಗ್ಲಿಷ್. ನಾನು ರಾತ್ರಿ ಕೂತವನು ಬೆಳಿಗ್ಗೆ ಹಾಲಿನವನು ಬಂದಾಗಲೇ ಎದ್ದದ್ದು.

ನಿವೃತ್ತ_ಲೈಬ್ರರಿ_ಶಿರಸಿ

ಸುಮಾ ಅವರೇ, ನಾನು ಸರ್ಕಾರಿ ಗ್ರಂಥಾಲಯದಲ್ಲಿ ಕೌಂಟರಿನ ಹಿಂದೆ ಕೂತು ನಿವೃತ್ತನಾದವನು. ಹುಡುಗರು ಯಾವ ಪುಸ್ತಕ ಒಯ್ಯುತ್ತಾರೆ, ಯಾವುದನ್ನು ಓದದೆ ಮರುದಿನವೇ ತಂದು ಹಾಕುತ್ತಾರೆ ಅಂತ ನೋಡ್ತಾ ಕೂರೋದು ನನ್ನ ಚಟ. ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಕೋಬೇಡಿ.

ಸಾಹಸದ ಪುಸ್ತಕ ಆರಿಸೋಕೆ ನನ್ನದೊಂದೇ ಪರೀಕ್ಷೆ. ಪುಸ್ತಕವನ್ನು ನಡುವಿನಲ್ಲಿ ತೆರೀರಿ. ಹತ್ತು ಪುಟದೊಳಗೆ ಊಟದ ವಿಷಯ ಬರಬೇಕು. ಅವರು ಏನು ತಿಂದರು, ಎಷ್ಟು ಉಳಿದಿತ್ತು, ಒಲೆ ಹೊತ್ತಿಕೊಂಡಿತಾ ಇಲ್ವಾ. ಬಂದರೆ ಪುಸ್ತಕ ತಗೊಳ್ಳಿ. ಬರೀ ಸೂರ್ಯಾಸ್ತ, ಆತ್ಮಶೋಧನೆ, ಅನಂತ ಮೌನ ಇಷ್ಟೇ ಇದ್ದರೆ ವಾಪಸ್ ಇಡಿ. ಹೊಟ್ಟೆ ಬಗ್ಗೆ ಬರೆಯದವನು ನಡೆದದ್ದೂ ಅಷ್ಟರಲ್ಲೇ ಇರುತ್ತೆ ಅನ್ನೋದು ನನ್ನ ನಂಬಿಕೆ. ಪುಸ್ತಕ ಯಾವ ವರ್ಷದ್ದು ಅನ್ನೋದನ್ನ ನಾನು ಆಮೇಲೆ ನೋಡೋದು.

ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ತಗೊಳ್ಳೋದು ಆಪ್‌ಸ್ಲಿ ಚೆರಿ-ಗ್ಯಾರಾರ್ಡ್ ಅನ್ನೋ ಇಂಗ್ಲಿಷಿನವನ 'ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್'. ಬಂದದ್ದು 1922ರಲ್ಲಿ. ಇವನು ದಕ್ಷಿಣ ಧ್ರುವಕ್ಕೆ ಹೊರಟ ಕ್ಯಾಪ್ಟನ್ ಸ್ಕಾಟ್ ತಂಡದವನು. 1911ರ ಜೂನ್ ಕೊನೆಯಲ್ಲಿ, ಅಂದ್ರೆ ಅಂಟಾರ್ಕ್ಟಿಕಾದಲ್ಲಿ ಸೂರ್ಯನೇ ಹುಟ್ಟದ ನಡುಚಳಿಗಾಲದಲ್ಲಿ, ವಿಲ್ಸನ್, ಬವರ್ಸ್ ಮತ್ತು ಇವನು ಮೂರೇ ಜನ ಸ್ಲೆಡ್ಜ್ ಎಳೆದುಕೊಂಡು ಹೊರಟರು. ಯಾಕೆ ಅಂದುಕೊಂಡ್ರಿ? ಎಂಪರರ್ ಪೆಂಗ್ವಿನ್‌ನ ಮೊಟ್ಟೆ ತರೋಕೆ! ಹಕ್ಕಿಗಳ ವಿಕಾಸದ ಗುಟ್ಟು ಆ ಮೊಟ್ಟೆಯೊಳಗಿನ ಭ್ರೂಣದಲ್ಲಿ ಸಿಗಬಹುದು ಅಂತ ಆಗಿನವರ ಲೆಕ್ಕಾಚಾರ.

ಚಳಿ ಮೈನಸ್ 60 ಡಿಗ್ರಿ ಹತ್ತಿರ ಹೋಯಿತು. ಹಲ್ಲು ಕಟಕಟ ಅಂದು ಅಂದು ಇವನ ಹಲ್ಲುಗಳೇ ಚೂರಾದವು. ದೃಷ್ಟಿ ಬಹಳ ಮಂದ, ಆದರೆ ಕನ್ನಡಕ ಹಾಕಿದರೆ ಅದರ ಮೇಲೆ ಮಂಜು ಕಟ್ಟುತ್ತಿತ್ತು. ಹಾಗಾಗಿ ಆ ಕತ್ತಲಲ್ಲಿ ಹೆಚ್ಚುಕಮ್ಮಿ ಕುರುಡನ ಹಾಗೆ ನಡೆದ. ಈಗ ಊಟಕ್ಕೆ ಬನ್ನಿ. ಮೂವರೂ ತಮ್ಮ ಮೇಲೇ ಒಂದು ಪ್ರಯೋಗ ಮಾಡಿಕೊಂಡರು. ವಿಲ್ಸನ್‌ಗೆ ಬೆಣ್ಣೆ ಜಾಸ್ತಿ, ಬವರ್ಸ್‌ಗೆ ಪೆಮ್ಮಿಕನ್ ಜಾಸ್ತಿ, ಇವನಿಗೆ ಬಿಸ್ಕತ್ತು ಜಾಸ್ತಿ. ಪೆಮ್ಮಿಕನ್ ಅಂದ್ರೆ ಒಣಮಾಂಸದ ಪುಡಿಯನ್ನು ಕೊಬ್ಬಿನಲ್ಲಿ ಕಲಸಿ ಗಟ್ಟಿ ಮಾಡಿದ್ದು. ಯಾವುದು ತಿಂದವನು ಚಳಿ ತಡೀತಾನೆ ಅಂತ ಪರೀಕ್ಷೆ. ಬಿಸ್ಕತ್ತಿನವನು ಸೋತ, ಕೊಬ್ಬು ಬೇಕು ಅಂತ ಒದ್ದಾಡಿದ. ಇವೆಲ್ಲ ನಡೀತಿದ್ದಾಗಲೇ ಬಿರುಗಾಳಿಗೆ ಡೇರೆ ಹಾರಿಹೋಯಿತು. ಡೇರೆ ಇಲ್ಲ ಅಂದ್ರೆ ಸಾವೇ. ಗಾಳಿ ನಿಂತ ಮೇಲೆ ಹುಡುಕಿದರೆ ಇಳಿಜಾರಿನಲ್ಲಿ ಅದು ಸಿಕ್ಕಿಬಿಡ್ತು!

ಐದು ಮೊಟ್ಟೆ ತೆಗೆದುಕೊಂಡಿದ್ದರು. ದಾರಿಯಲ್ಲಿ ಇವನ ಕೈಯಲ್ಲಿದ್ದ ಎರಡು ಒಡೆದವು, ಮೂರು ಉಳಿದವು. ವಿಲ್ಸನ್, ಬವರ್ಸ್ ಇಬ್ಬರೂ ಮುಂದಿನ ವರ್ಷ ಸ್ಕಾಟ್ ಜೊತೆ ಧ್ರುವದಿಂದ ವಾಪಸ್ ಬರುವಾಗ ಸತ್ತರು. 1913ರಲ್ಲಿ ಇವನೊಬ್ಬನೇ ಆ ಮೊಟ್ಟೆ ತಗೊಂಡು ಲಂಡನ್ನಿನ ಮ್ಯೂಸಿಯಮ್ಮಿಗೆ ಹೋದರೆ, ಅಲ್ಲಿನವರು ಅಸಡ್ಡೆಯಿಂದ ತಗೊಂಡರು. ಒಂದು ರಸೀದಿಗೋಸ್ಕರ ಕಾಯಿಸಿದರು. ಕಚೇರಿಗೆ ಅಲೆದವರಿಗೆ ಆ ಪುಟಗಳು ಚೆನ್ನಾಗಿ ಅರ್ಥವಾಗ್ತವೆ.

ಹೀಗೆಲ್ಲ ಹೊಗಳಿದರೂ ನಿಮ್ಮ ತಮ್ಮನಿಗೆ ಮೊದಲು ಇದನ್ನು ಕೊಡಬೇಡಿ. ಆರುನೂರು ಪುಟದ ಮೇಲಿದೆ, ಎದೆ ಮೇಲೆ ಇಟ್ಟುಕೊಂಡು ಓದೋ ಪುಸ್ತಕ ಅಲ್ಲ. ಮೊದಲು ಕನ್ನಡದಲ್ಲಿ ಶುರು ಮಾಡಿಸಿ. ಪೂರ್ಣಚಂದ್ರ ತೇಜಸ್ವಿಯವರ 'ಮಹಾಪಲಾಯನ' ತಗೊಳ್ಳಿ. ಸೈಬೀರಿಯಾದ ಕೈದಿಗಳ ಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ ದಾಟಿ, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದವರ ಕತೆ. ಗೋಬಿಯಲ್ಲಿ ಹಾವು ಹಿಡಿದು ತಿನ್ನುವ ಭಾಗ ಇದೆ, ನನ್ನ ಪರೀಕ್ಷೆಯಲ್ಲೂ ಪಾಸು. ನಮ್ಮ ಲೈಬ್ರರಿಯಲ್ಲಿ ಈ ಪುಸ್ತಕಕ್ಕೆ ಮತ್ತೆ ಮತ್ತೆ ಬೈಂಡ್ ಹಾಕಿಸಬೇಕಾಗ್ತಿತ್ತು. ಓದಲ್ಲ ಅನ್ನೋ ಹುಡುಗರೇ ಜಾಸ್ತಿ ಒಯ್ದದ್ದು.

ಇತಿಹಾಸದ_ಟೀಚರ್

ಶಿರಸಿಯ ಹಿರಿಯರ ಊಟದ ಪರೀಕ್ಷೆ ಇಷ್ಟವಾಯಿತು. ಆದರೆ ಅದು 'ಮಹಾಪಲಾಯನ'ದಲ್ಲೇ ಕೈಕೊಡುತ್ತಲ್ಲ ಸರ್?

ಅದರ ಮೂಲ 1956ರಲ್ಲಿ ಬಂದ 'ದ ಲಾಂಗ್ ವಾಕ್'. ತಾನೇ ನಡೆದೆ ಅಂತ ಹೇಳಿಕೊಂಡವನು ಪೋಲೆಂಡಿನ ಸ್ಲಾವೊಮಿರ್ ರಾವಿಚ್. ಪುಸ್ತಕ ಬಂದಾಗಲೇ ಹಿಮಾಲಯ ಬಲ್ಲವರು ಅನುಮಾನ ಪಟ್ಟಿದ್ದರು. ಗೋಬಿಯಲ್ಲಿ ದಿನಗಟ್ಟಲೆ ನೀರಿಲ್ಲದೆ ನಡೆದದ್ದು, ಹಿಮಾಲಯದಲ್ಲಿ ಎರಡು ಯೇತಿ, ಅಂದ್ರೆ ಹಿಮಮಾನವರು, ಕಂಡದ್ದು, ಇವೆಲ್ಲ ಗಂಟಲಲ್ಲಿ ಇಳಿಯೋದು ಕಷ್ಟ. 2006ರಲ್ಲಿ ಬಿಬಿಸಿಯವರು ಹಳೇ ಸೋವಿಯತ್ ದಾಖಲೆ ಹುಡುಕಿ ತೆಗೆದರು. ಅದರ ಪ್ರಕಾರ ಪೋಲೆಂಡಿನ ಕೈದಿಗಳಿಗೆಲ್ಲ ಕ್ಷಮಾದಾನ ಸಿಕ್ಕಾಗ ಈತನೂ ಬಿಡುಗಡೆಯಾಗಿ 1942ರಲ್ಲಿ ಇರಾನಿನ ನಿರಾಶ್ರಿತರ ಶಿಬಿರಕ್ಕೆ ಹೋಗಿದ್ದ. ಹಾವು ತಿಂದ ಪುಟ ಎಷ್ಟು ಚೆನ್ನಾಗಿದ್ದರೇನು, ನಡೆದೇ ಇಲ್ಲ ಅಂದ ಮೇಲೆ?

ಹೊಸ ಪುಸ್ತಕಗಳ ಪರವಾಗಿ ನಾನು ಹೇಳೋದು ಇದನ್ನೇ. ಈಗ ಸುಳ್ಳು ಹೇಳಿ ದಕ್ಕಿಸಿಕೊಳ್ಳೋದು ಕಷ್ಟ. ಗಣಪ ಅವರು ಹೇಳಿದ ಕ್ರಾಕೌರ್‌ನನ್ನೇ ನೋಡಿ. ಶಿಖರದಿಂದ ಇಳಿಯುವಾಗ ಆಮ್ಲಜನಕ ಸಾಲದೆ ತಲೆ ಓಡ್ತಿರಲಿಲ್ಲ. ಕ್ಯಾಂಪಿನ ಹತ್ತಿರ ಒಬ್ಬನನ್ನು ಕಂಡು, ಅವನು ತಮ್ಮ ಗೈಡ್ ಆಂಡಿ ಹ್ಯಾರಿಸ್ ಅಂದುಕೊಂಡ. ಹಾಗೇ ಎಲ್ಲರಿಗೂ ಹೇಳಿದ, ಪತ್ರಿಕೆಯಲ್ಲೂ ಬರೆದ. ಆಮೇಲೆ ವಿಚಾರಿಸಿದರೆ ಆ ಮನುಷ್ಯ ಬೇರೆ ತಂಡದ ಮಾರ್ಟಿನ್ ಆಡಮ್ಸ್. ಹ್ಯಾರಿಸ್ ಮೇಲೆಯೇ ಸತ್ತಿದ್ದ. ಇದನ್ನು ಕ್ರಾಕೌರ್ ಪುಸ್ತಕದಲ್ಲಿ ಬಿಡಿಸಿ ಬರೆದಿದ್ದಾನೆ. ಅವನು ಟೀಕಿಸಿದ ಗೈಡ್ ಅನತೋಲಿ ಬುಕ್ರೀವ್ ಅದೇ ವರ್ಷ ತನ್ನ ಕಡೆಯ ಕತೆಯನ್ನು 'ದ ಕ್ಲೈಂಬ್' ಅಂತ ಪುಸ್ತಕ ಮಾಡಿಸಿದ. ಒಂದೇ ರಾತ್ರಿಗೆ ಇಬ್ಬರು ಸಾಕ್ಷಿಗಳು. ನೂರು ವರ್ಷದ ಹಿಂದೆ ಸಾಮಾನ್ಯವಾಗಿ ನಾಯಕ ಬರೆದದ್ದೇ ಕೊನೆ ಮಾತು. ಸಾಮಾನು ಹೊತ್ತವರಿಗೆ ಪುಸ್ತಕದಲ್ಲಿ ಹೆಸರೂ ಇರ್ತಿರಲಿಲ್ಲ.

ಒಂದು ಅಡ್ಡಮಾತು. ಆ ಎಂಟು ಜನರಲ್ಲಿ ಮೂವರು ನಮ್ಮವರು. ಗಡಿ ಕಾಯುವ ಐಟಿಬಿಪಿ ಪಡೆಯ ಸೆವಾಂಗ್ ಸಮನ್ಲಾ, ದೋರ್ಜೆ ಮೋರೂಪ್, ಸೆವಾಂಗ್ ಪಲ್ಜೋರ್, ಟಿಬೆಟ್ ಕಡೆಯಿಂದ ಹತ್ತಿದವರು. ಕ್ರಾಕೌರ್ ಪುಸ್ತಕದಲ್ಲಿ ಅವರಿಗೆ ಸಿಕ್ಕಿದ್ದು ಕೆಲವೇ ಪುಟ. ಸತ್ಯದ ವಿಷಯದಲ್ಲಿ ಹೊಸದನ್ನು ಹೊಗಳಿದೆ, ಆದರೆ ಯಾರ ಕತೆ ಹೇಳ್ತಾರೆ ಅನ್ನೋದರಲ್ಲಿ ಅದೂ ಅಷ್ಟೇನೂ ಬದಲಾಗಿಲ್ಲ.

ಗೇರ್_ಗಣಪ

ಅಯ್ಯೋ, ಮಹಾಪಲಾಯನ ಸುಳ್ಳಾ? ಹತ್ತನೇ ಕ್ಲಾಸಿನಲ್ಲಿ ಓದಿ ನಾನು ಶಾಲೆಗೆ ಎರಡು ಕಿಲೋಮೀಟರ್ ನಡೆದೇ ಹೋಗೋಕೆ ಶುರು ಮಾಡಿದ್ದೆ ಮಾರಾಯ್ರೇ.

ನಿವೃತ್ತ_ಲೈಬ್ರರಿ_ಶಿರಸಿ

ಟೀಚರ್ ಮೇಡಂ, ಬಿಬಿಸಿಯ ವಿಷಯ ನನಗೂ ಗೊತ್ತು. ಆದರೂ ಅದನ್ನೇ ಮೊದಲು ಕೊಡಿ ಅಂತೀನಿ. ಓದಿ ಮುಗಿಸಿದ ದಿನ ಈ ಬಿಬಿಸಿ ಸುದ್ದಿ ಹೇಳಿ. ಇಪ್ಪತ್ತೆರಡರ ಹುಡುಗನಿಗೆ ಇದಕ್ಕಿಂತ ಒಳ್ಳೇ ಎರಡನೇ ಅಧ್ಯಾಯ ಬೇಕಾ? ಯಾವ ಪುಟದಲ್ಲಿ ಅನುಮಾನ ಬರಬೇಕಿತ್ತು ಅಂತ ತಾನೇ ವಾಪಸ್ ಹೋಗಿ ಹುಡುಕ್ತಾನೆ. ಮೊಬೈಲ್ ವಿಡಿಯೋ ನೋಡುವಾಗಲೂ ಆ ಕಣ್ಣು ಉಪಯೋಗಕ್ಕೆ ಬರುತ್ತೆ. ಮೊದಲೇ ಹೇಳಿಬಿಟ್ಟರೆ ಅವನು ಪುಸ್ತಕ ಮುಟ್ಟೋದೂ ಇಲ್ಲ.

ಈಗಿನವರು ಸುಳ್ಳು ದಕ್ಕಿಸಿಕೊಳ್ಳೋಕೆ ಆಗಲ್ಲ ಅಂದಿರಿ, ಅರ್ಧ ಒಪ್ಪಿದೆ. ಆದರೆ ಈಗಿನವರದ್ದು ಬೇರೆ ಕಾಯಿಲೆ. ಬೆಟ್ಟ ಹತ್ತೋಕೆ ಹೋಗಿ 'ನನ್ನನ್ನು ನಾನು ಕಂಡುಕೊಂಡೆ' ಅಂತ ಬರೋದು. ಬೆಟ್ಟ ಎಲ್ಲಿ ಹೋಯಿತೋ ಗೊತ್ತಿಲ್ಲ! ಹಾಗಂತ ಎಲ್ಲರೂ ಅಲ್ಲ. ಶೆರಿಲ್ ಸ್ಟ್ರೇಡ್ ಬರೆದ 'ವೈಲ್ಡ್' (2012) ಅದೇ ಜಾತಿಯ ಪುಸ್ತಕ, ಅಮ್ಮ ಸತ್ತ ದುಃಖ, ಮುರಿದ ಮದುವೆ ಎಲ್ಲ ಇದೆ. ಆದರೆ ಆ ಹೆಂಗಸು ಸ್ಟವ್‌ಗೆ ತಪ್ಪು ಇಂಧನ ತುಂಬಿಸಿಕೊಂಡು ಹೋಗಿ ದಿನಗಟ್ಟಲೆ ತಣ್ಣಗಿನ ಗಂಜಿಯಂಥದ್ದು ತಿಂದದ್ದನ್ನು ಬರೀತಾಳೆ. ಬೆನ್ನಿನ ಚೀಲ ಎತ್ತೋಕಾಗದೆ ನೆಲಕ್ಕೆ ಕೂತು ಹೊರಳಾಡಿದ್ದನ್ನೂ ಬರೀತಾಳೆ. ಅಂಥವರ ದುಃಖವನ್ನೂ ನಂಬಬಹುದು.

ಇಂಗ್ಲಿಷಿನಲ್ಲಿ ಒಂದೇ ಒಂದು ಪುಸ್ತಕ ಅಂದ್ರೆ ನಾನು ಕೊಡೋದು ಆಲ್‌ಫ್ರೆಡ್ ಲ್ಯಾನ್ಸಿಂಗ್ ಬರೆದ 'ಎಂಡ್ಯೂರೆನ್ಸ್'. ನಿಮ್ಮ ಹಳೇದು, ಹೊಸದು ಜಗಳಕ್ಕೆ ಇದೇ ಸರಿಯಾದ ಔಷಧಿ. ಕತೆ ಶ್ಯಾಕಲ್‌ಟನ್‌ದು, ಹಳೇದು. ಅಂಟಾರ್ಕ್ಟಿಕಾಕ್ಕೆ ಹೊರಟಿದ್ದ ಅವನ ಹಡಗು 'ಎಂಡ್ಯೂರೆನ್ಸ್' 1915ರ ಜನವರಿಯಲ್ಲಿ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ನವೆಂಬರಿನಲ್ಲಿ ಮುಳುಗಿತು. ಅವನೇ ಬರೆದ 'ಸೌತ್' (1919) ಇದೆ. ಆದರೆ ಅದು ನಾಯಕನ ವರದಿ, ಎಲ್ಲಿ ನೋಡಿದರೂ ಮರ್ಯಾದೆ ಜಾಸ್ತಿ. ಲ್ಯಾನ್ಸಿಂಗ್ ಅನ್ನೋ ಅಮೆರಿಕದ ಪತ್ರಕರ್ತ ಆಮೇಲೆ ಬದುಕಿದ್ದವರಲ್ಲಿ ಹೆಚ್ಚಿನವರನ್ನು ಮಾತಾಡಿಸಿದ, ಅವರ ಡೈರಿ ಓದಿದ, 1959ರಲ್ಲಿ ಬರೆದ. ಯಾರು ಗೊಣಗಿದರು, ಯಾರು ತಿಂಡಿ ಬಚ್ಚಿಟ್ಟುಕೊಂಡರು, ಎಲ್ಲ ಇದೆ.

ಸುಮಾ ಅವರೇ, ಅದರಲ್ಲಿ ನಿಮ್ಮ ತಮ್ಮನಿಗಾಗಿಯೇ ಬರೆದ ಹಾಗಿರೋ ಒಬ್ಬ ಹುಡುಗ ಇದ್ದಾನೆ. ಪರ್ಸಿ ಬ್ಲ್ಯಾಕ್‌ಬರೋ. ಬ್ಯುನೋಸ್ ಐರಿಸ್‌ನಲ್ಲಿ ಕೆಲಸ ಕೊಡಲಿಲ್ಲ ಅಂತ ಕದ್ದು ಹಡಗು ಹತ್ತಿದವನು. ನಡು ಸಮುದ್ರದಲ್ಲಿ ಸಿಕ್ಕಿಬಿದ್ದಾಗ ಶ್ಯಾಕಲ್‌ಟನ್ ಬೈದು ಬೈದು ಕೊನೆಗೆ, ಊಟ ಖಾಲಿಯಾದರೆ ಕದ್ದು ಹತ್ತಿದವರನ್ನೇ ಮೊದಲು ತಿನ್ನೋದು ಅಂದನಂತೆ. ಮುಂದೆ ಎಲಿಫೆಂಟ್ ದ್ವೀಪದಲ್ಲಿ 22 ಜನ ಎರಡು ದೋಣಿ ಬೋರಲು ಹಾಕಿ ಅದರಡಿ ತಿಂಗಳುಗಟ್ಟಲೆ ಬದುಕಿದರು. ತಿಂದದ್ದು ಸೀಲ್ ಮತ್ತು ಪೆಂಗ್ವಿನ್ ಮಾಂಸ. ಈ ಹುಡುಗನ ಎಡಗಾಲಿನ ಬೆರಳು ಚಳಿಗೆ ಕೊಳೆತಿದ್ದವು. ತಂಡದಲ್ಲಿದ್ದ ಇಬ್ಬರು ಡಾಕ್ಟರು ಅದೇ ದೋಣಿಯಡಿ, ಪೆಂಗ್ವಿನ್ ಚರ್ಮ ಉರಿಸಿ ಬೆಚ್ಚಗೆ ಮಾಡಿಕೊಂಡು, ಉಳಿದಿದ್ದ ಕ್ಲೋರೋಫಾರ್ಮ್ ಕೊಟ್ಟು ಐದೂ ಬೆರಳು ಕತ್ತರಿಸಿದರು. ಆಗ ಅವನಿಗೆ ಇಪ್ಪತ್ತು ವರ್ಷ. 1916ರ ಆಗಸ್ಟ್ 30ರಂದು ಹಡಗು ಬಂದು ಎಲ್ಲರನ್ನೂ ಕರೆದೊಯ್ಯಿತು. 22 ಜನವೂ ಬದುಕಿದ್ದರು.

ವಿಡಿಯೋನೇ ಬೇಕು ಅಂದ್ರೆ ಅದಕ್ಕೂ ದಾರಿ ಇದೆ. ಆ ಹಡಗು 2022ರ ಮಾರ್ಚ್‌ನಲ್ಲಿ 3008 ಮೀಟರ್ ಆಳದಲ್ಲಿ ಸಿಕ್ಕಿತು. ಹಿಂಬದಿಯಲ್ಲಿ ಹೆಸರಿನ ಅಕ್ಷರಗಳು ಇನ್ನೂ ಓದೋ ಹಾಗಿವೆ. ಪುಸ್ತಕ ಮುಗಿದ ಮೇಲೆ ತೋರಿಸಿ, ಮೊದಲೇ ತೋರಿಸಬೇಡಿ.

ವಿರಾಜಪೇಟೆ_ಕಾಫಿ

ಎಲ್ಲ ಗಂಡಸರದ್ದೇ ಆಯ್ತಲ್ಲ! 'ವೈಲ್ಡ್' ಒಂದು ಬಿಟ್ಟು.

ಬೈಕ್ ಹುಚ್ಚಿನ ಹುಡುಗನಿಗೆ ಡರ್ವ್ಲಾ ಮರ್ಫಿ ಕೊಡಿ. 1963ರ ಜನವರಿಯಲ್ಲಿ, ಯುರೋಪಿನಲ್ಲಿ ಭಯಂಕರ ಚಳಿ ಇದ್ದ ವರ್ಷ, ಐರ್ಲೆಂಡಿನಿಂದ ಭಾರತಕ್ಕೆ ಸೈಕಲ್ಲಿನಲ್ಲಿ ಹೊರಟವಳು. ಒಬ್ಬಳೇ. ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಸೈಕಲ್ಲು, ಒಂದು ಅಟ್ಲಾಸ್ ಸಿಕ್ಕಿತ್ತಂತೆ, ಆಗಲೇ ನಿರ್ಧಾರ ಮಾಡಿದ್ದು. ಅಪ್ಪ ಅಮ್ಮನನ್ನು ನೋಡಿಕೊಳ್ಳೋದರಲ್ಲಿ ವರ್ಷಗಳು ಕಳೆದು, ಹೊರಟಾಗ ಮೂವತ್ತು ದಾಟಿತ್ತು. ಏಷ್ಯಾದ ರಸ್ತೆ ತಡೆಯಲ್ಲ ಅಂತ ಸೈಕಲ್ಲಿನ ಗೇರೇ ಬಿಚ್ಚಿಸಿದಳು. ಹೊಸ ಟೈರುಗಳನ್ನು ದಾರಿಯ ಊರುಗಳಿಗೆ ಮೊದಲೇ ಕಳಿಸಿದಳು. ಯುಗೊಸ್ಲಾವಿಯಾದಲ್ಲಿ ತೋಳಗಳು ಮೈಮೇಲೆ ಬಿದ್ದಾಗ ಪಿಸ್ತೂಲು ಹಾರಿಸಿದಳು. ಪುಸ್ತಕ 'ಫುಲ್ ಟಿಲ್ಟ್', ದಿನಚರಿ ರೂಪದಲ್ಲಿದೆ. ಒಂದೊಂದು ದಿನ ಒಂದೊಂದು ಪುಟ ಎರಡು ಪುಟ, ಮಲಗಿ ಓದೋಕೆ ಹೇಳಿ ಮಾಡಿಸಿದ್ದು. ಗಣಪ ಅವರೇ, ನೀವೂ ಓದಿ.

ನಮ್ಮೂರಿನವರಿಗೆ ಅವಳ ಮೇಲೆ ಅಭಿಮಾನ ಸ್ವಲ್ಪ ಜಾಸ್ತಿ, ಯಾಕಂದ್ರೆ ಆಮೇಲೆ ಐದು ವರ್ಷದ ಮಗಳನ್ನು ಕರೆದುಕೊಂಡು ಕೊಡಗಿಗೂ ಬಂದಿದ್ದಳು. 'ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್' ಅಂತ ಅದೂ ಪುಸ್ತಕ ಆಯ್ತು. ಬಸ್ಸು, ಧೂಳು, ಕಡಿಮೆ ದುಡ್ಡಿನ ಓಡಾಟ. ನಮ್ಮ ಬಗ್ಗೆ ಹೊರಗಿನವರು ಬರೆದದ್ದನ್ನು ಓದುವಾಗ ಕೆಲವು ಕಡೆ ಮೈ ಉರಿಯುತ್ತೆ, ಕೆಲವು ಕಡೆ ನಗು ಬರುತ್ತೆ, ಅದೂ ಒಂಥರಾ ಮಜಾ.

ಕನ್ನಡದಲ್ಲೇ ಹೊಸದು ಬೇಕಾದರೆ ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ'. ಗೆಳತಿಯ ಜೊತೆ ಮಾಚು ಪಿಚು, ನಾಸ್ಕಾ ಅಂತ ತಿರುಗಿದ ಕತೆ. ಹೊರಡೋ ಮೊದಲಿನ ಲೆಕ್ಕಾಚಾರ, ಭಾಷೆ ಬಾರದ ಊರಿನ ಪರದಾಟ ಎಲ್ಲ ಬರುತ್ತೆ. ನಮ್ಮ ಜಿಲ್ಲೆಯಿಂದ ಹೊರಗೆ ಕಾಲಿಡದ ನಮ್ಮ ಅತ್ತೆಯೂ ಅದನ್ನು ಓದಿ ಪೆರು ಎಲ್ಲಿದೆ ಅಂತ ಗ್ಲೋಬ್ ತಿರುಗಿಸಿದ್ದರು.

ಸುಮಾ_ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಜನ ಇಷ್ಟು ಬರೀತೀರಿ ಅಂದುಕೊಂಡಿರಲಿಲ್ಲ.

'ಮಹಾಪಲಾಯನ' ಇಲ್ಲೇ ಅಂಗಡಿಯಲ್ಲಿ ಸಿಕ್ಕಿತು, ಕೊಟ್ಟೆ. ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಿದ. ಆಮೇಲೆ ಟೀಚರ್ ಹೇಳಿದ ಬಿಬಿಸಿ ವಿಷಯ ಹೇಳಿದೆ. ಮುಖ ಕೆಂಪಾಯ್ತು! "ಇವನು ನಡೆದಿಲ್ಲ ಅಂದ್ರೆ ಬೇರೆ ಯಾರೋ ನಡೆದಿರಬೇಕು, ಅವನ ಕತೆ ಕದ್ದಿರಬೇಕು" ಅಂತ ವಾದ. ಈಗ ನಮ್ಮಪ್ಪನೂ ಪುಸ್ತಕ ತಗೊಂಡಿದ್ದಾರೆ. ಗೋಬಿಯಲ್ಲಿ ನೀರಿಲ್ಲದೆ ಎಷ್ಟು ದಿನ ಇರಬಹುದು ಅಂತ ಅಪ್ಪ ಮಗ ಇಬ್ಬರಿಗೂ ಜಗಳ. ಯೇತಿ ಬಂದ ಪುಟದಲ್ಲಿ ನನಗೂ ಡೌಟು ಬಂದಿತ್ತು ಅಂತಾನೆ ಈಗ. ಬಂದಿರಲಿಲ್ಲ, ನಾನು ಪಕ್ಕದಲ್ಲೇ ಇದ್ದೆ.

'ಎಂಡ್ಯೂರೆನ್ಸ್' ಮತ್ತು 'ಫುಲ್ ಟಿಲ್ಟ್' ಎರಡೂ ಆರ್ಡರ್ ಮಾಡಿದೆ. ಕ್ರಾಕೌರ್ ನಮ್ಮ ಆಫೀಸಿನ ಹುಡುಗಿ ಹತ್ತಿರವೇ ಇದೆಯಂತೆ. ಆ ಪೆಂಗ್ವಿನ್ ಮೊಟ್ಟೆಯ ಪುಸ್ತಕ ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಬೆಣ್ಣೆ, ಬಿಸ್ಕತ್ತಿನ ವಿಷಯ ಓದಿ ಹೇಳಿದ್ದೇ ತಪ್ಪಾಯ್ತು. ಆರುನೂರು ಪುಟ ಹೇಗೆ ಎತ್ತಿ ಹಿಡೀತಾನೆ?

ನಿವೃತ್ತ_ಲೈಬ್ರರಿ_ಶಿರಸಿ

ಎತ್ತೋದು ಬೇಡ, ದುಡ್ಡೂ ಬೇಡ. ಆ ಪುಸ್ತಕದ ಹಕ್ಕು ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಸೈಟಿನಲ್ಲಿ ಎರಡೂ ಸಂಪುಟ ಬಿಟ್ಟಿ ಸಿಗುತ್ತೆ, ಮೊಬೈಲಿಗೇ ಇಳಿಸಿಕೊಳ್ಳಬಹುದು. ಶ್ಯಾಕಲ್‌ಟನ್‌ನ 'ಸೌತ್' ಕೂಡ ಅಲ್ಲೇ ಇದೆ. ಅಕ್ಷರ ದೊಡ್ಡದು ಮಾಡಿಕೊಡಿ, ಕಣ್ಣಿಗೆ ಒತ್ತಡ ಆಗಲ್ಲ.

ಮೊದಲಿನಿಂದ ಓದೋಕೆ ಬಿಡಬೇಡಿ. ಪೀಠಿಕೆಯೇ ಮೈಲುದ್ದ ಇದೆ, ಗಣಪ ಹೇಳಿದ ಹಾಗೆ ಹಡಗಿಗೆ ಸಾಮಾನು ತುಂಬಿಸೋದೂ ಇದೆ. ನೇರ ಏಳನೇ ಅಧ್ಯಾಯ ತೆಗೆದುಕೊಡಿ, ಮೊಟ್ಟೆಯ ಪ್ರಯಾಣ ಅಲ್ಲಿಂದಲೇ ಶುರು. ಅದು ಹಿಡಿಸಿದರೆ ಮಿಕ್ಕಿದ್ದನ್ನು ಅವನೇ ಓದಿಕೊಳ್ತಾನೆ. ಆಮೇಲೆ ಕೇಳಿ ಹೇಳಿ, ಅವನಾಗಿದ್ದರೆ ಬೆಣ್ಣೆ ತಗೊಳ್ತಿದ್ದನಾ ಬಿಸ್ಕತ್ತು ತಗೊಳ್ತಿದ್ದನಾ ಅಂತ.